ಚೆಂಡು ನಿಮ್ಮ ಕೈಗೆ ಬರದಿದ್ದರೆ ಮನಸ್ಸಿಗೆ ಏನಾಗುತ್ತೆ?

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಸ್ಕೂಲಲ್ಲಿ ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಕರೆದು ಟೀಮ್ ಮಾಡ್ತಾರಲ್ಲ, ಆಗ ನಿಮ್ಮ ಹೆಸರು ಎಷ್ಟನೇದಾಗಿ ಬರ್ತಿತ್ತು?

ನಂದು ಕೊನೇದು. ಕೆಲವು ದಿನ ಅದೂ ಇಲ್ಲ, ಸ್ಕೋರ್ ಬರೆಯೋ ಕೆಲಸ. ಎಂಟನೇ ಕ್ಲಾಸ್ ಹೊತ್ತಿಗೆ 'ನನಗೆ ಆಟ ಇಷ್ಟ ಇಲ್ಲ' ಅಂತ ಹೇಳೋಕೆ ಶುರು ಮಾಡಿದ್ದೆ. ಅದು ಸುಳ್ಳು. ಇಷ್ಟ ಇತ್ತು. ಆದರೆ ಯಾರೂ ಕರೀತಿಲ್ಲ ಅನ್ನೋದಕ್ಕಿಂತ, ನಾನೇ ಹೋಗ್ತಿಲ್ಲ ಅನ್ನೋದು ಹೇಳೋಕೆ ಸುಲಭ.

ಕಿಪ್ಲಿಂಗ್ ವಿಲಿಯಮ್ಸ್ ಅಂತ ಒಬ್ಬ ಅಮೆರಿಕನ್ ಮನಶ್ಶಾಸ್ತ್ರಜ್ಞ ಇದ್ದಾರೆ. ಒಂದು ದಿನ ಪಾರ್ಕ್‌ನಲ್ಲಿ ಕೂತಿದ್ದಾಗ ಯಾರೋ ಇಬ್ಬರು ಆಡ್ತಿದ್ದ ಫ್ರಿಸ್ಬಿ ಅವರ ಹತ್ತಿರ ಬಂದು ಬಿತ್ತು. ಇವರು ವಾಪಸ್ ಎಸೆದರು. ಅವರು ಮತ್ತೆ ಇವರ ಕಡೆಗೇ ಎಸೆದರು. ಸ್ವಲ್ಪ ಹೊತ್ತು ಮೂವರೂ ಆಡಿದರು. ಆಮೇಲೆ ಆ ಇಬ್ಬರು ಒಂದೂ ಮಾತಾಡದೆ ಇವರಿಗೆ ಎಸೆಯೋದನ್ನ ನಿಲ್ಲಿಸಿಬಿಟ್ಟರು. ಗುರುತು ಪರಿಚಯ ಇಲ್ಲದ ಜನ. ಆದರೂ ಅಷ್ಟೊಂದು ಬೇಜಾರು ಯಾಕಾಯ್ತು ಅಂತ ವಿಲಿಯಮ್ಸ್‌ಗೆ ಆಶ್ಚರ್ಯ.

ಆ ಬೇಜಾರಿನಿಂದಲೇ 'ಸೈಬರ್‌ಬಾಲ್' ಅನ್ನೋ ಪ್ರಯೋಗ ಹುಟ್ಟಿತು. ಕಂಪ್ಯೂಟರ್ ಪರದೆ ಮೇಲೆ ಮೂವರು ಚೆಂಡು ಎಸೆದಾಡ್ತಾರೆ. ಸ್ವಲ್ಪ ಹೊತ್ತಾದ ಮೇಲೆ ನಿಮಗೆ ಚೆಂಡು ಬರೋದೇ ಇಲ್ಲ, ಅಷ್ಟೇ. 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ 62 ದೇಶಗಳ 1,486 ಜನ ಆನ್‌ಲೈನ್‌ನಲ್ಲಿ ಆಡಿದ್ದರು. ಆಟದಿಂದ ಹೊರಗಿಟ್ಟವರ ಮನಸ್ಸು ಕುಗ್ಗಿತ್ತು. 'ನಾನು ಇವರಲ್ಲೊಬ್ಬ' ಅನ್ನೋ ಭಾವನೆಗೆ ಪೆಟ್ಟು ಬಿದ್ದಿತ್ತು. ಎದುರಿಗಿರೋದು ಮನುಷ್ಯರಲ್ಲ, ಬರೀ ಕಂಪ್ಯೂಟರ್ ಅಂತ ಮೊದಲೇ ಹೇಳಿದರೂ ನೋವಾಗುತ್ತೆ ಅಂತ 2004ರ ಇನ್ನೊಂದು ಅಧ್ಯಯನ ತೋರಿಸಿತು. ಅಂದರೆ 'ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡ' ಅನ್ನೋ ಬುದ್ಧಿಮಾತು ಕೆಲಸ ಮಾಡಲ್ಲ. ತಲೆ ಯೋಚಿಸೋಕೆ ಮೊದಲೇ ಮನಸ್ಸಿಗೆ ನೋವು ತಾಗಿರುತ್ತೆ.

ಈಗ ವ್ಯಾಯಾಮದ ವಿಷಯ. ಮೈ ಅಲ್ಲಾಡಿಸಿದರೆ ಮನಸ್ಸು ಹಗುರ ಆಗುತ್ತೆ ಅಂತ ಎಲ್ಲರೂ ಹೇಳ್ತಾರೆ, ಅದು ನಿಜ ಕೂಡ. 1999ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಖಿನ್ನತೆ ಇದ್ದ, 50 ದಾಟಿದ 156 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಮಾತ್ರೆ, ಇನ್ನೊಂದಕ್ಕೆ ವ್ಯಾಯಾಮ, ಮತ್ತೊಂದಕ್ಕೆ ಎರಡೂ. 16 ವಾರ ಆದಮೇಲೆ ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸುಧಾರಿಸಿದ್ದರು. ಹಾಗಂತ ಇದನ್ನ ಕೇಳಿ ನಿಮ್ಮ ಮಾತ್ರೆ ನಿಲ್ಲಿಸಬೇಡಿ, ಅದನ್ನ ಡಾಕ್ಟರ್ ಹತ್ತಿರವೇ ಮಾತಾಡಿ.

ಸರಿ, ಹೊರಗಿಟ್ಟರೆ ನೋವು, ಆಡಿದರೆ ಸಮಾಧಾನ. ಸಮಸ್ಯೆ ಇರೋದು ಇವೆರಡೂ ಸೇರೋ ಜಾಗದಲ್ಲಿ. ಮನಸ್ಸು ಕುಗ್ಗಿದವರಿಗೆ 'ಹೋಗಿ ಆಡಪ್ಪ' ಅಂತೀವಿ. ಆದರೆ ಅವರನ್ನ ಹೊರಗಿಟ್ಟಿದ್ದೇ ಆ ಮೈದಾನ ಆಗಿದ್ದರೆ? ಕರೆಯದೇ ಇದ್ದಾಗ ಹೋಗೋದು ನಿಲ್ಲುತ್ತೆ. ಹೋಗದೇ ಇದ್ದಾಗ ಆಟ ಬರಲ್ಲ. ಆಟ ಬರದೇ ಇದ್ದಾಗ ಇನ್ನೂ ಯಾರೂ ಕರೆಯಲ್ಲ. ಔಷಧಿ ಇರೋ ಅಂಗಡಿಗೇ ಬೀಗ ಹಾಕಿದ ಹಾಗೆ.

ಆಟ ಚೆನ್ನಾಗಿ ಬಂದರೆ ಸಾಕು, ಎಲ್ಲ ಸರಿಹೋಗುತ್ತೆ ಅಂತೀರಾ? ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಲೂ ಅವರ ಕಥೆ ಕೇಳಿ. ದಲಿತ ಕುಟುಂಬದ ಎಡಗೈ ಸ್ಪಿನ್ನರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ತೆಗೆದವರು. ಪುಣೆಯಲ್ಲಿ ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು. ಟೀ ವಿರಾಮದಲ್ಲಿ ಮಾತ್ರ ಅವರಿಗೆ ಹೊರಗಡೆ, ಬೇರೆ ಮಣ್ಣಿನ ಲೋಟದಲ್ಲಿ ಟೀ. ಚೆಂಡು ಕೈಗೆ ಬಂತು, ಪಿಂಗಾಣಿ ಕಪ್ ಬರಲಿಲ್ಲ.

ಇವತ್ತಿನ ಲೆಕ್ಕ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ ಬೇಕು. 2022ರ ಅಂದಾಜಿನಂತೆ ಭಾರತದಲ್ಲಿ ಅಷ್ಟು ಮಾಡದ ಗಂಡಸರು ಶೇ 42, ಹೆಂಗಸರು ಶೇ 57. ಇದೆಲ್ಲ ಬರೀ ಸೋಮಾರಿತನವಾ? ಸಂಜೆ ನಿಮ್ಮ ಏರಿಯಾದ ಮೈದಾನದ ಮುಂದೆ ಐದು ನಿಮಿಷ ನಿಂತು ನೋಡಿ. ಆಡ್ತಿರೋರಲ್ಲಿ ಹುಡುಗಿಯರು ಎಷ್ಟು ಜನ?

ಒಂದು ವಿಷಯ ಒಪ್ಕೊಬೇಕು. ಕೊನೆಯವನಾಗಿ ನಿಂತಿದ್ದ ನಾನೇ ದೊಡ್ಡವನಾದ ಮೇಲೆ ಅದೇ ಕೆಲಸ ಮಾಡಿದೆ. ನಮ್ಮ ಬ್ಯಾಡ್ಮಿಂಟನ್ ಗುಂಪಲ್ಲಿ ಒಬ್ಬನ ಆಟ ನಿಧಾನ. ಅವನಿಗೆ ಯಾರೂ ಏನೂ ಹೇಳಲಿಲ್ಲ. ಅವನೊಬ್ಬನನ್ನ ಬಿಟ್ಟು ಹೊಸ ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದ್ವಿ. ಹಳೇ ಗ್ರೂಪಲ್ಲಿ ಅವನು 'ನಾಳೆ ಆಟ ಇದೆಯಾ?' ಅಂತ ಕೇಳಿದ ಮೆಸೇಜ್‌ಗೆ ನೀಲಿ ಟಿಕ್ ಬಿತ್ತು. ಉತ್ತರ ಹೋಗಲಿಲ್ಲ. ಆ ಪಾರ್ಕ್‌ನ ಇಬ್ಬರು ಮಾಡಿದ್ದೂ ಇದನ್ನೇ ಅಲ್ವಾ?

ಕೊನೆಗೆ ಎರಡು ಮಾತು. ನೀವು ಹೊರಗಿರೋರಾದರೆ, ಗುಂಪು ಸಿಗೋವರೆಗೂ ಕಾಯಬೇಡಿ. ಅದೇ ಡ್ಯೂಕ್ ತಂಡದ 2007ರ ಅಧ್ಯಯನದಲ್ಲಿ ಮನೆಯಲ್ಲೇ ವ್ಯಾಯಾಮ ಮಾಡಿದವರೂ ಸುಧಾರಿಸಿದ್ದರು. ಹತ್ತು ನಿಮಿಷದ ನಡಿಗೆಯಿಂದ ಶುರು ಮಾಡಿ. ಬೇಜಾರು ವಾರಗಟ್ಟಲೆ ಹೋಗದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತೆ.

ನೀವು ಒಳಗಿರೋರಾದರೆ, ಚೆಂಡು ಈಗ ನಿಮ್ಮ ಕೈಯಲ್ಲಿದೆ. ನಾನು ಈ ಎಪಿಸೋಡ್ ಬರೆಯುವಾಗ ಆ ಗೆಳೆಯನಿಗೆ ಮೆಸೇಜ್ ಮಾಡಿದೆ, 'ಭಾನುವಾರ ಬರ್ತೀಯಾ?' ಅಂತ. ಇನ್ನೂ ಉತ್ತರ ಬಂದಿಲ್ಲ. ಬರದೇ ಇದ್ದರೂ ಅವನದು ತಪ್ಪಿಲ್ಲ. ಭಾನುವಾರ ಬೆಳಗ್ಗೆ ಇನ್ನೊಂದ್ಸಲ ಕೇಳ್ತೀನಿ.