ಗೇಮಿಂಗ್ ಕಂಪ್ಯೂಟರ್: ಎರಡು ಕಂತಿನ ಲೆಕ್ಕ

ಪರೀಕ್ಷೆಯ ಫಲಿತಾಂಶ ಬಂದೊಡನೆ ನಮ್ಮ ಮುಂಬಯಿ ಕನ್ನಡಿಗರ ಮನೆಗಳಲ್ಲಿಯೂ ಮಕ್ಕಳ ಬೇಡಿಕೆ ಗೇಮಿಂಗ್ ಕಂಪ್ಯೂಟರ್. ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಡಿಭಾಗ ಕೊಂಡು ಜೋಡಿಸುವುದಾದರೆ ಸುಮಾರು 90 ಸಾವಿರ ರೂಪಾಯಿಯ ಅಂದಾಜು ಇಟ್ಟುಕೊಳ್ಳಿ.

ಗ್ರಾಫಿಕ್ಸ್ ಕಾರ್ಡಿಗೆ 30 ಸಾವಿರ, ಪ್ರೊಸೆಸರ್, ಮದರ್‌ಬೋರ್ಡಿಗೆ 20, ರ‍್ಯಾಮ್, ಎಸ್‌ಎಸ್‌ಡಿಗೆ 20, ಪವರ್ ಸಪ್ಲೈ, ಕ್ಯಾಬಿನೆಟ್ಟಿಗೆ 8, ಮಾನಿಟರ್, ಕೀಬೋರ್ಡ್, ಮೌಸಿಗೆ 12. ವಿಂಡೋಸ್ ಖರ್ಚು ಬೇರೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ದುಬಾರಿಯಾಗಿರುವುದರಿಂದ ಅಂಗಡಿಯಲ್ಲಿ ಅಂದಿನ ದರ ವಿಚಾರಿಸಿ.

ಇಷ್ಟೂ ಹಣ ಒಮ್ಮೆಗೇ ಬೇಕಿಲ್ಲ. ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಕೊಂಡರೆ 60 ಸಾವಿರದಲ್ಲಿ ಓದು, ಪ್ರಾಜೆಕ್ಟ್, ಸಣ್ಣಪುಟ್ಟ ಆಟ ನಡೆಯುತ್ತದೆ. ದೀಪಾವಳಿ ಬೋನಸ್ ಬಂದಾಗ ಕಾರ್ಡ್ ಸೇರಿಸಬಹುದು. ಆದರೆ ಒಳ್ಳೆಯ ಕಂಪೆನಿಯ 550 ವ್ಯಾಟಿನ ಪವರ್ ಸಪ್ಲೈ ಮೊದಲೇ ಇರಲಿ. ಕ್ಯಾಬಿನೆಟ್ಟಿನ ಬಣ್ಣದ ದೀಪಕ್ಕೆ ಸುರಿದು ಇದರಲ್ಲಿ ಉಳಿಸಿದರೆ, ಅದು ಕೆಟ್ಟಾಗ ಉಳಿದ ಭಾಗಗಳಿಗೂ ಅಪಾಯ.

‘ನೋ ಕಾಸ್ಟ್ ಇಎಂಐ’ ಎಂದರೂ ಪ್ರೊಸೆಸಿಂಗ್ ಶುಲ್ಕ, ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೀಳಬಹುದು. ಒಟ್ಟು ಮೊತ್ತ ಕೇಳಿಯೇ ಸಹಿ ಹಾಕಿ. ವಾರಂಟಿಗಾಗಿ ಜಿಎಸ್‌ಟಿ ಬಿಲ್ ತಪ್ಪದೆ ಪಡೆಯಿರಿ. ಕಾಲೇಜು ಶುಲ್ಕಕ್ಕೆಂದು ಇಟ್ಟ ಠೇವಣಿಯನ್ನು ಮಾತ್ರ ಮುರಿಯಬೇಡಿ. ಕಾರ್ಡ್ ಆರು ತಿಂಗಳು ಕಾಯುತ್ತದೆ, ಕಾಲೇಜಿನ ಪ್ರವೇಶ ಕಾಯುವುದಿಲ್ಲ.