ಹಟ ಹಿಡಿದ ಕೀಗೆ ಕೊಬ್ಬರಿ ಎಣ್ಣೆ ಮದ್ದಲ್ಲ

ಕಾರಿನ ಬೀಗ ಒಂದೇ ದಿನದಲ್ಲಿ ಕೆಡುವುದಿಲ್ಲ. ಮೊದಲು ಕೀ ಒಳಗೆ ಹೋಗುವಾಗ ತುಸು ಗರಗರ ಎನ್ನುತ್ತದೆ. ಆಮೇಲೆ ಒಂದು ಸಲಕ್ಕೆ ತಿರುಗುತ್ತಿದ್ದದ್ದು ನಾಲ್ಕು ಸಲ ಅಲುಗಾಡಿಸಿದರೆ ತಿರುಗುತ್ತದೆ. ಮನೆಮಂದಿಯೆಲ್ಲ ಅದರ ಮರ್ಜಿ ಹಿಡಿಯಲು ಕಲಿಯುತ್ತಾರೆ. 'ಪೂರ್ತಿ ಒತ್ತಬೇಡ, ಚೂರು ಹಿಂದಕ್ಕೆ ಎಳೆದು ತಿರುಗಿಸು' ಎಂದು ಅಪ್ಪ ಮಗನಿಗೆ ಪಾಠ ಹೇಳುತ್ತಾರೆ. ಕೊನೆಗೊಂದು ರಾತ್ರಿ, ಜಡಿಮಳೆಯಲ್ಲಿ, ಜ್ವರದಲ್ಲಿ ಬೇಯುತ್ತಿರುವ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕಾದ ಹೊತ್ತಿಗೇ ಕೀ ಮುರಿದು ಅರ್ಧ ಕೈಯಲ್ಲಿ, ಅರ್ಧ ಬೀಗದಲ್ಲಿ!

ಅದಕ್ಕೂ ಮೊದಲೇ ಯಾರಾದರೊಬ್ಬರು ಕೊಬ್ಬರಿ ಎಣ್ಣೆಯ ಉಪಚಾರ ಮಾಡಿರುತ್ತಾರೆ. ಎರಡು ತೊಟ್ಟು ಬಿಟ್ಟೊಡನೆ ಕೀ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿಂದ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಡಿಕೇರಿಯ ಚಳಿಗೆ ಬಚ್ಚಲುಮನೆಯ ಬಾಟಲಿಯಲ್ಲಿ ಆಗುವುದೇ ಬೀಗದ ಹೊಟ್ಟೆಯಲ್ಲೂ ಆಗುತ್ತದೆ. ಬೇಸಿಗೆಯಲ್ಲಾದರೋ ರಸ್ತೆಯ ದೂಳೆಲ್ಲ ಆ ಜಿಡ್ಡಿಗೆ ಅಂಟಿ ಕರೀ ಮೇಣವಾಗಿ ಕೂರುತ್ತದೆ. ಗ್ರೀಸಿನದೂ ಇದೇ ಕಥೆ.

ಬೀಗದ ಒಳಗೆ ಏನಿದೆ ಎಂದು ತಿಳಿದರೆ ಈ ಹಟದ ಕಾರಣ ಅರ್ಥವಾಗುತ್ತದೆ. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಪೇಟೆಂಟ್ ಪಡೆದ ಸಿಲಿಂಡರ್ ಬೀಗದಲ್ಲಿ ಸ್ಪ್ರಿಂಗಿನ ಮೇಲೆ ಕೂತ ಸಣ್ಣ ಕಡ್ಡಿಗಳಿದ್ದವು. ಮನೆಬಾಗಿಲಿನ ಎಷ್ಟೋ ಬೀಗಗಳು ಇಂದಿಗೂ ಆ ಜಾತಿಯವೇ. ಕಾರಿನ ಬೀಗಗಳಲ್ಲಿ ಹೆಚ್ಚಾಗಿ ಕಡ್ಡಿಯ ಬದಲು ಲೋಹದ ತೆಳು ಬಿಲ್ಲೆಗಳಿರುತ್ತವೆ. ಕೀಯ ಹಲ್ಲುಗಳು ಪ್ರತಿ ಬಿಲ್ಲೆಯನ್ನೂ ತಕ್ಕ ಮಟ್ಟಕ್ಕೆ ತಂದು ನಿಲ್ಲಿಸಿದರೆ ಮಾತ್ರ ಸಿಲಿಂಡರ್ ತಿರುಗೀತು. ಜಿಡ್ಡು ಹಿಡಿದ ಒಂದೇ ಒಂದು ಬಿಲ್ಲೆ ಕೂದಲೆಳೆಯಷ್ಟು ಹಿಂದುಳಿದರೂ ಸಾಕು, ಬೀಗ ಜಪ್ಪಯ್ಯ ಎಂದರೂ ಜಗ್ಗದು.

ಹಾಗಾಗಿ ಮೊದಲ ಕೆಲಸ ಎಣ್ಣೆ ಬಿಡುವುದಲ್ಲ, ಕೊಳೆ ತೆಗೆಯುವುದು. ಇಲ್ಲಿ ಡಬ್ಲ್ಯುಡಿ-40ರಂಥ ಸ್ಪ್ರೇ ಉಪಯೋಗಕ್ಕೆ ಬರುತ್ತದೆ. ಇದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ತಯಾರಾದದ್ದು. ಅಟ್ಲಾಸ್ ಕ್ಷಿಪಣಿಯ ಮೈಗೆ ತುಕ್ಕು ಹಿಡಿಯದಂತೆ ಬಳಸುತ್ತಿದ್ದರು. ನೀರನ್ನು ಹೊರದೂಡುವುದು ಅದರ ಮೂಲ ಕಸುಬು, ನಲವತ್ತನೆಯ ಪ್ರಯತ್ನಕ್ಕೆ ಗೆದ್ದದ್ದರಿಂದ ಆ ಸಂಖ್ಯೆ. ಮಂಗಳೂರು, ಉಡುಪಿ ಕಡೆ ಮಳೆನೀರೂ ಉಪ್ಪುಗಾಳಿಯೂ ಹೊಕ್ಕ ಬೀಗಕ್ಕೆ ಅದು ಸರಿ. ಬಾಗಿಲಿನ ಬೀಗಕ್ಕೆ ಸ್ವಲ್ಪ ಸಿಂಪಡಿಸಿ, ಕೀ ಹಾಕಿ ತೆಗೆದು, ಅದಕ್ಕೆ ಮೆತ್ತಿದ ಕಪ್ಪನ್ನು ಬಟ್ಟೆಯಿಂದ ಒರೆಸಬೇಕು. ಕೀ ಸ್ವಚ್ಛವಾಗಿ ಹೊರಬರುವವರೆಗೆ ಇದೇ ಕೆಲಸ.

ಒಣಗಿದ ಮೇಲೆ ಗ್ರಾಫೈಟ್ ಪುಡಿ. ಒಣಪುಡಿಯಾದ್ದರಿಂದ ದೂಳು ಅಂಟುವುದಿಲ್ಲ. ಪುಡಿ ಸಿಗದಿದ್ದರೆ ಮಕ್ಕಳ ಡ್ರಾಯಿಂಗ್ ಪೆಟ್ಟಿಗೆಯ 6ಬಿ ಪೆನ್ಸಿಲ್ ಸಾಕು; ಅದರ 'ಸೀಸ'ದಲ್ಲಿ ಸೀಸವೇ ಇಲ್ಲ, ಇರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಕೀಯ ಎರಡೂ ಮೈಗೆ ಚೆನ್ನಾಗಿ ಉಜ್ಜಿ ಹತ್ತು ಸಲ ಒಳಗೆ ಹೊರಗೆ ಆಡಿಸಬೇಕು. ಎಣ್ಣೆಪಸೆ ಉಳಿದ ಬೀಗಕ್ಕೆ ಮಾತ್ರ ಇದು ಬೇಡ, ಎರಡೂ ಸೇರಿದರೆ ಮತ್ತೆ ಕೆಸರೇ.

ಸ್ಟೀರಿಂಗ್ ಬಳಿಯ ಇಗ್ನಿಷನ್ ಬೀಗದ ಮರ್ಜಿಯೇ ಬೇರೆ. ಅದರ ಬೆನ್ನಿಗೆ ವಿದ್ಯುತ್ ಸ್ವಿಚ್ ಇದೆ, ಗ್ರಾಫೈಟ್ ವಿದ್ಯುತ್ ಹರಿಯಬಿಡುವ ವಸ್ತು. ಅಲ್ಲಿಗೆ ಪುಡಿಯನ್ನಾಗಲಿ ಸ್ಪ್ರೇಯನ್ನಾಗಲಿ ಸುರಿಯುವುದು ಜಾಣತನವಲ್ಲ. ಎಷ್ಟೋ ಸಲ ಅಲ್ಲಿ ಬೀಗ ಕೆಟ್ಟೇ ಇರುವುದಿಲ್ಲ; ಚಕ್ರ ಓರೆಯಾಗಿ ನಿಂತು ಸ್ಟೀರಿಂಗ್ ಲಾಕ್ ಬಿಗಿದಿರುತ್ತದೆ. ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲುಗಿಸುತ್ತ ಕೀ ತಿರುಗಿಸಿದರೆ ಬಿಟ್ಟುಕೊಡುತ್ತದೆ. ಬಲ ಪ್ರಯೋಗಿಸಿದವರದೇ ಕೀ ಮುರಿಯುವುದು.

ಇಷ್ಟಾದರೂ ಬಗ್ಗದಿದ್ದರೆ ತಪ್ಪು ಕೀಯದಿರಬಹುದು. ಹತ್ತು ಹದಿನೈದು ವರ್ಷ ತಿರುಗಿದ ಕೀಯ ಹಲ್ಲು ಸವೆದಿರುತ್ತದೆ. ಅದನ್ನೇ ಕೊಟ್ಟು ನಕಲು ಮಾಡಿಸಿದರೆ ಸವೆತದ್ದೂ ನಕಲಾಗುತ್ತದೆ! ಕಾರು ಕೊಂಡಾಗ ಕೊಟ್ಟ ಎರಡನೆಯ ಕೀ ಬೀರುವಿನಲ್ಲಿ ಹೊಸದಾಗಿಯೇ ಮಲಗಿರುತ್ತದೆ, ನಕಲಿಗೆ ಒಯ್ಯಬೇಕಾದದ್ದು ಅದನ್ನು. ಚಿಪ್ ಇರುವ ಕೀಯಾದರೆ ಬರಿಯ ಲೋಹದ ನಕಲು ಬಾಗಿಲು ತೆಗೆದೀತೇ ಹೊರತು ಎಂಜಿನ್ ಚಾಲೂ ಮಾಡದು.

ಗುಂಡಿ ಒತ್ತಿ ಬಾಗಿಲು ತೆಗೆಯುವವರು ಇದೆಲ್ಲ ತಮಗಲ್ಲ ಎಂದು ಪುಟ ತಿರುವುವ ಮುನ್ನ ಒಂದು ಮಾತು. ಅವರ ರಿಮೋಟಿನ ಹೊಟ್ಟೆಯಲ್ಲೂ ಸಾಮಾನ್ಯವಾಗಿ ಒಂದು ಲೋಹದ ಕೀ ಅಡಗಿದೆ. ಚಾಲಕನ ಬಾಗಿಲಲ್ಲಿ ಅದಕ್ಕೊಂದು ಬೀಗವೂ ಇದೆ, ಕೆಲವು ಕಾರುಗಳಲ್ಲಿ ಪ್ಲಾಸ್ಟಿಕ್ ಮುಚ್ಚಳದ ಮರೆಯಲ್ಲಿ. ವರ್ಷಗಟ್ಟಲೆ ಯಾರೂ ಮುಟ್ಟದ ಆ ಬೀಗವೇ ಎಲ್ಲಕ್ಕಿಂತ ಮೊದಲು ತುಕ್ಕು ಹಿಡಿಯುವುದು. ಬ್ಯಾಟರಿ ಸತ್ತ ದಿನ ಒಳಗೆ ಹೋಗಲು ಇರುವ ದಾರಿ ಅದೊಂದೇ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಅದಕ್ಕೆ ಕೀ ಹಾಕಿ ತಿರುಗಿಸಿ ನೋಡಲು ಎರಡು ನಿಮಿಷ ಹಿಡಿಯುತ್ತದೆ.