ವಾಯುಸಂಚಾರ ನಿರ್ವಹಣೆ: ಅಮೆರಿಕ ಮತ್ತು ಯುರೋಪುಗಳ ತೌಲನಿಕ ವಿವೇಚನೆ

ಅಮೆರಿಕದ ಭೂಖಂಡೀಯ ವಾಯುಪ್ರದೇಶ ಮತ್ತು ಯುರೋಪಿನ ವಾಯುಪ್ರದೇಶಗಳು ವಿಸ್ತಾರದಲ್ಲಿ ಹೆಚ್ಚುಕಡಿಮೆ ಸಮಾನವಾದವು. ಎರಡೂ ಒಂದು ಕೋಟಿ ಚದರ ಕಿಲೋಮೀಟರನ್ನು ಮೀರುತ್ತವೆ. ಆದರೆ ಆಡಳಿತದ ಸ್ವರೂಪ ಭಿನ್ನ. ಅಲ್ಲಿ ಫೆಡರಲ್ ವಿಮಾನಯಾನ ಆಡಳಿತವೊಂದೇ 20 ಮಾರ್ಗನಿಯಂತ್ರಣ ಕೇಂದ್ರಗಳನ್ನು ನಡೆಸಿದರೆ, ಯುರೋಪಿನಲ್ಲಿ ಮೂವತ್ತಕ್ಕೂ ಹೆಚ್ಚು ಸಂಸ್ಥೆಗಳು ಸುಮಾರು 60 ಕೇಂದ್ರಗಳನ್ನು ನಡೆಸುತ್ತವೆ. 2017ರಲ್ಲಿ ಅಮೆರಿಕ ಸುಮಾರು 1.5 ಕೋಟಿ, ಯುರೋಪು ಸುಮಾರು 1 ಕೋಟಿ ಹಾರಾಟಗಳನ್ನು ನಿರ್ವಹಿಸಿದವು; ಅದೂ ಅಮೆರಿಕ ಕಡಿಮೆ ನಿಯಂತ್ರಕರಿಂದ.

ಇಷ್ಟರಿಂದಲೇ ಅಮೆರಿಕದ ಪದ್ಧತಿ ಶ್ರೇಷ್ಠವೆಂದು ನಿರ್ಣಯಿಸುವುದು ಆತುರವಾದೀತು. ಯುರೋಪಿನ ದೊಡ್ಡ ವಿಮಾನನಿಲ್ದಾಣಗಳಲ್ಲಿ ಸಾಮರ್ಥ್ಯವನ್ನು ಮೊದಲೇ ಘೋಷಿಸಿ, ಅದಕ್ಕನುಗುಣವಾಗಿ ವೇಳೆಯನ್ನು ಹಂಚಲಾಗುತ್ತದೆ. ಅಮೆರಿಕದಲ್ಲಿ ಇಂಥ ಮಿತಿ ಕೆಲವೇ ನಿಲ್ದಾಣಗಳಿಗೆ ಉಂಟು. ಆದ್ದರಿಂದ ಹವೆ ಕೆಟ್ಟ ದಿನ ಅಲ್ಲಿನ ವಿಳಂಬ ಮುಖ್ಯವಾಗಿ ನಿಲ್ದಾಣಗಳಲ್ಲಿ ಕಾಣಿಸಿಕೊಳ್ಳುತ್ತದೆ; ಯುರೋಪಿನಲ್ಲಿ ಮಾರ್ಗಮಧ್ಯದ ಸಾಮರ್ಥ್ಯದ ಕೊರತೆಯೂ ದೊಡ್ಡ ಕಾರಣ.

ಅಳತೆಗಳೂ ಬೇರೆ. ಸಂಚಾರ ನಿಯಂತ್ರಣದ ವಿಳಂಬವನ್ನು ಯುರೋಪು ಪ್ರತಿ ನಿಮಿಷವೂ ಎಣಿಸಿದರೆ, ಅಮೆರಿಕ 15 ನಿಮಿಷ ಅಥವಾ ಹೆಚ್ಚಿನದನ್ನು ಮಾತ್ರ ದಾಖಲಿಸುತ್ತದೆ. ಆ ಆಡಳಿತವೂ ಯುರೋಕಂಟ್ರೋಲೂ ಸೇರಿ ಪ್ರಕಟಿಸಿದ ತೌಲನಿಕ ವರದಿಗಳು ಈ ವ್ಯತ್ಯಾಸವನ್ನು ಮೊದಲು ಸರಿಪಡಿಸಿಕೊಂಡವು. ಕೇಂದ್ರಗಳ ಏಕೀಕರಣ ಮಾರ್ಗದ ವಿಳಂಬವನ್ನು ತಗ್ಗಿಸಬಲ್ಲದು, ನಿಲ್ದಾಣದ ದಟ್ಟಣೆಯನ್ನಲ್ಲ. ವಿಮಾನ ಎಲ್ಲಿ, ಏಕೆ ನಿಂತಿತೆಂಬುದನ್ನು ತಿಳಿಯದೆ ಪರಿಹಾರವನ್ನು ಎರವಲು ತರಲಾಗದು.